ಪಿಪಿಒ ಪ್ಲಾನ್ ಎಲ್ಲಿ ಹೋಯಿತು? ಅಮೆರಿಕದಲ್ಲಿ ಕಂಪನಿಯ ವಿಮೆ ಬಿಟ್ಟವರ ಪ್ರಶ್ನೆ

ಪ್ರಶ್ನೆ: ನಮಸ್ಕಾರ. ನಾವು ಟೆಕ್ಸಸ್‌ನ ಪ್ಲೇನೊದಲ್ಲಿದ್ದೇವೆ, ಎಲ್ಲರಿಗೂ ಗ್ರೀನ್ ಕಾರ್ಡ್ ಇದೆ. ನನಗೆ 47 ವರ್ಷ. ಹನ್ನೊಂದು ವರ್ಷ ಕೆಲಸ ಮಾಡಿದ ಕಂಪನಿ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡುತ್ತಿದ್ದೇನೆ. ಕಂಪನಿಯ ಪಿಪಿಒ ವಿಮೆ (ಒಪ್ಪಂದದಲ್ಲಿಲ್ಲದ ಡಾಕ್ಟರಿಗೂ ಸ್ವಲ್ಪ ಭಾಗ ಕೊಡುವ ಪ್ಲಾನ್) ಈ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನನ್ನ ಹೆಂಡತಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಾಳೆ, ಆರು ವರ್ಷದಿಂದ ಒಬ್ಬರೇ ಡಾಕ್ಟರ್. ಈ ವರ್ಷದ ಅವಳ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ನಾವೇ ಕಟ್ಟುವ ಮೊತ್ತ), ಔಟ್ ಆಫ್ ಪಾಕೆಟ್ (ವರ್ಷಕ್ಕೆ ನಾವು ಕಟ್ಟಬೇಕಾದ ಗರಿಷ್ಠ ಮಿತಿ) ಎರಡೂ ಆಗಲೇ ಮುಗಿದಿವೆ. ಮಗಳು ಇಲಿನಾಯ್‌ನಲ್ಲಿ ಓದುತ್ತಿದ್ದಾಳೆ, ಮಗನಿಗೆ 12. ಸರ್ಕಾರದ ವಿಮಾ ಮಾರ್ಕೆಟ್‌ಪ್ಲೇಸ್ ಆದ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ಹುಡುಕಿದರೆ ಬರೀ ಎಚ್‌ಎಂಒ, ಇಪಿಒ (ಒಪ್ಪಂದದ ಡಾಕ್ಟರುಗಳಿಗಷ್ಟೇ ಸೀಮಿತವಾದ ಪ್ಲಾನ್‌ಗಳು). ಪಿಪಿಒ ಒಂದೂ ಕಾಣಲಿಲ್ಲ. 'ಎಚ್‌ಎಂಒ ತಗೊಂಡ್ರೆ ಒಳ್ಳೆ ಡಾಕ್ಟರ್ ಸಿಗಲ್ಲ, ಊರು ಬಿಟ್ಟು ಹೋದಾಗ ಏನಾದ್ರೂ ಆದ್ರೆ ಕೈಯಿಂದಲೇ ಕಟ್ಟಬೇಕು' ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ಕೋಬ್ರಾಗೆ (ಕೆಲಸ ಬಿಟ್ಟ ಮೇಲೂ ಕಂಪನಿಯ ವಿಮೆಯನ್ನು ನಮ್ಮ ಖರ್ಚಿನಲ್ಲಿ ಮುಂದುವರಿಸುವುದು) ತಿಂಗಳಿಗೆ 2,300 ಡಾಲರ್ ಹೇಳಿದ್ದಾರೆ. ಈ ನಡುವೆ ಫೋನಿನಲ್ಲಿ ಒಬ್ಬರು 'ನ್ಯಾಷನಲ್ ಪಿಪಿಒ' ಅರ್ಧ ಬೆಲೆಗೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಫೋನಿನವರ ವಿಷಯ ಮೊದಲು, ಏಕೆಂದರೆ ತಪ್ಪಿದರೆ ಅಲ್ಲಿ ಆಗುವ ಹಾನಿಯೇ ದೊಡ್ಡದು. ಅವರಿಗೆ ಕಾರ್ಡ್ ನಂಬರ್ ಕೊಡಬೇಡಿ. 'ನ್ಯಾಷನಲ್ ಪಿಪಿಒ' ಎಂದು ಫೋನಿನಲ್ಲಿ ಅಗ್ಗಕ್ಕೆ ಮಾರುವುದು ಸಾಮಾನ್ಯವಾಗಿ ಶಾರ್ಟ್ ಟರ್ಮ್ ಪ್ಲಾನ್ ಆಗಿರುತ್ತದೆ, ಇಲ್ಲವೇ ಆಸ್ಪತ್ರೆಯಲ್ಲಿ ದಿನಕ್ಕೆ ಇಷ್ಟು ಎಂದು ನಿಗದಿತ ಮೊತ್ತ ಮಾತ್ರ ಕೊಡುವ ಪ್ಲಾನ್. ಪಿಪಿಒ ಎಂಬ ಮಾತು ಅಲ್ಲಿ ಸುಳ್ಳಲ್ಲದಿರಬಹುದು. ಯಾವುದೋ ಒಂದು ಪಿಪಿಒ ನೆಟ್‌ವರ್ಕಿನ (ಒಪ್ಪಂದದಲ್ಲಿರುವ ಡಾಕ್ಟರು, ಆಸ್ಪತ್ರೆಗಳ ಗುಂಪಿನ) ರಿಯಾಯಿತಿ ದರವನ್ನು ಅವರು ಬಾಡಿಗೆಗೆ ಪಡೆದಿರುತ್ತಾರೆ. ಆದರೆ ರಿಯಾಯಿತಿ ಬೇರೆ, ವಿಮೆ ಬೇರೆ. ಮೂರು ಪ್ರಶ್ನೆ ಕೇಳಿ: ಮೊದಲಿನಿಂದ ಇರುವ ಕಾಯಿಲೆಗೆ ಮೊದಲ ದಿನದಿಂದಲೇ ಕವರೇಜ್ ಇದೆಯೇ? ವರ್ಷಕ್ಕೆ ಇಷ್ಟೇ ಡಾಲರ್ ಎಂಬ ಮಿತಿ ಇದೆಯೇ? ಇದು ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ದರ್ಜೆಗಳಲ್ಲಿ ಯಾವುದು? ನೇರ ಉತ್ತರ ಬರದಿದ್ದರೆ ಅದು ಅಫೋರ್ಡಬಲ್ ಕೇರ್ ಆಕ್ಟ್‌ನ (ಕಾಯಿಲೆ ಇರುವವರಿಗೂ ವಿಮೆ ಕೊಡಲೇಬೇಕೆಂಬ ಕಾನೂನಿನ) ಪ್ಲಾನ್ ಅಲ್ಲ. ನಿಮ್ಮ ಪತ್ನಿಯ ಇಂಜೆಕ್ಷನ್ನಿಗೆ ಅದು ಬಿಡಿಗಾಸನ್ನೂ ಕೊಡದಿರಬಹುದು. ಸದಸ್ಯರು ಪರಸ್ಪರ ಬಿಲ್ ಹಂಚಿಕೊಳ್ಳುವ 'ಹೆಲ್ತ್ ಶೇರಿಂಗ್' ಗುಂಪುಗಳ ಮಾತೂ ಅಷ್ಟೇ. ಅವು ವಿಮೆಯೇ ಅಲ್ಲ, ಬಿಲ್ ಕೊಡಲೇಬೇಕೆಂಬ ಕಾನೂನಿನ ಕಟ್ಟುಪಾಡು ಅವುಗಳಿಗಿಲ್ಲ.

ಈಗ ನಿಮ್ಮ ನಿಜವಾದ ಚಿಂತೆಗೆ ಬರೋಣ. ನೀವು ಸರಿಯಾಗಿಯೇ ಹುಡುಕಿದ್ದೀರಿ, ಪಿಪಿಒ ಇಲ್ಲದಿರುವುದು ನಿಮ್ಮ ತಪ್ಪಲ್ಲ. 2014ರಲ್ಲಿ ಮಾರ್ಕೆಟ್‌ಪ್ಲೇಸ್ ಶುರುವಾದಾಗ ಪಿಪಿಒ ಸಾಕಷ್ಟು ಸಿಗುತ್ತಿತ್ತು. 2015ರಲ್ಲಿ ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಆಫ್ ಟೆಕ್ಸಸ್, ಮುಂದಿನ ವರ್ಷದಿಂದ ವ್ಯಕ್ತಿಗಳಿಗೆ ಪಿಪಿಒ ಮಾರುವುದಿಲ್ಲ ಎಂದು ಪ್ರಕಟಿಸಿತು. ಮೂರೂವರೆ ಲಕ್ಷಕ್ಕೂ ಹೆಚ್ಚು ಜನ ಆಗ ಬೇರೆ ಪ್ಲಾನ್ ಹುಡುಕಬೇಕಾಯಿತು. ಉಳಿದ ರಾಜ್ಯಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ, ವೇಗ ಮಾತ್ರ ಬೇರೆ. ಆದರೆ ಕಂಪನಿಗಳು ಕೊಡುವ ವಿಮೆಯಲ್ಲಿ ಈಗಲೂ ಅತಿ ಹೆಚ್ಚು ಜನ ಇರುವುದು ಪಿಪಿಒದಲ್ಲೇ. ಹನ್ನೊಂದು ವರ್ಷ ಒಳಗಿದ್ದು ಈಗ ಹೊರಗೆ ಬಂದ ನಿಮಗೆ ಇದು ದಿಢೀರ್ ಬದಲಾವಣೆಯಂತೆ ಕಾಣುತ್ತಿದೆ.

ಹೀಗೇಕಾಯಿತು ಎಂಬುದು ಗೊತ್ತಿದ್ದರೆ ಆಯ್ಕೆ ಸುಲಭ. 2014ಕ್ಕೆ ಮೊದಲು ವೈಯಕ್ತಿಕ ವಿಮೆ ಮಾರುವ ಕಂಪನಿ ನಿಮ್ಮ ಕಾಯಿಲೆಗಳ ಪಟ್ಟಿ ನೋಡಿ 'ಆಗುವುದಿಲ್ಲ' ಅನ್ನಬಹುದಿತ್ತು. ಈಗ ಅನ್ನುವಂತಿಲ್ಲ, ಕಾಯಿಲೆ ಇದೆಯೆಂದು ಪ್ರೀಮಿಯಂ ಏರಿಸುವಂತೆಯೂ ಇಲ್ಲ. ಇದು ಬಹಳ ದೊಡ್ಡ ರಕ್ಷಣೆ, ನಿಮ್ಮ ಮನೆಗಂತೂ ಇದೇ ಆಧಾರ. ಆದರೆ ಅದರ ಇನ್ನೊಂದು ಪರಿಣಾಮ ಹೀಗಾಯಿತು: ನಾಲ್ಕಾರು ಸ್ಪೆಷಲಿಸ್ಟರನ್ನು ನೋಡುವವರು, ದೊಡ್ಡ ಆಸ್ಪತ್ರೆಯೇ ಬೇಕೆನ್ನುವವರು ಪಿಪಿಒ ಆರಿಸಿದರು. ಆರೋಗ್ಯವಾಗಿದ್ದವರು ಅಗ್ಗದ ಎಚ್‌ಎಂಒ ಕಡೆ ಹೋದರು. ಪಿಪಿಒದ ಖರ್ಚು ಏರಿತು, ಪ್ರೀಮಿಯಂ ಏರಿತು, ಉಳಿದಿದ್ದ ಆರೋಗ್ಯವಂತರೂ ಬಿಟ್ಟರು. ಹೆಚ್ಚು ರೋಗಿಗಳಿರುವ ಕಂಪನಿಗೆ ಉಳಿದ ಕಂಪನಿಗಳಿಂದ ಹಣ ವರ್ಗಾಯಿಸುವ ವ್ಯವಸ್ಥೆ ಇದೆಯಾದರೂ ಈ ಸುಳಿಯನ್ನು ಪೂರ್ತಿ ತಡೆಯಲು ಅದಕ್ಕೆ ಆಗಲಿಲ್ಲ. ನೀವು ಬಿಟ್ಟುಬಂದ ಕಂಪನಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಜನ ಬರುವುದು ಕೆಲಸಕ್ಕೆ, ವಿಮೆಗಾಗಿ ಅಲ್ಲ. ಹಾಗಾಗಿ ಗಟ್ಟಿಮುಟ್ಟಾದವರೂ ಕಾಯಿಲೆಯವರೂ ತಾವಾಗಿಯೇ ಬೆರೆತಿರುತ್ತಾರೆ.

ಎರಡನೆಯ ಕಾರಣ ಸಬ್ಸಿಡಿಯ ಲೆಕ್ಕದಲ್ಲಿದೆ. ಸರ್ಕಾರದ ನೆರವು ನಿಮ್ಮ ಪ್ರದೇಶದ ಎರಡನೇ ಅತಿ ಅಗ್ಗದ ಸಿಲ್ವರ್ ಪ್ಲಾನಿನ ಬೆಲೆಗೆ ಕಟ್ಟಿಹಾಕಿದ್ದು. ಆ ಪ್ಲಾನ್ ತಿಂಗಳಿಗೆ 500 ಡಾಲರ್, ಪಿಪಿಒ ಇದ್ದಿದ್ದರೆ 800 ಡಾಲರ್ ಎಂದಿಟ್ಟುಕೊಳ್ಳಿ. ನೆರವು ಎರಡಕ್ಕೂ ಒಂದೇ, ಮೇಲಿನ 300 ಡಾಲರ್ ಪೂರ್ತಿ ನಿಮ್ಮ ಜೇಬಿನಿಂದ. ಹಾಗಾಗಿ ಕಂಪನಿಗಳ ಪೈಪೋಟಿಯೆಲ್ಲ ಬೆಲೆ ಇಳಿಸುವುದರಲ್ಲೇ ನಡೆಯುತ್ತದೆ. ಬೆಲೆ ಇಳಿಸುವ ಸುಲಭ ದಾರಿ ಎಂದರೆ ನೆಟ್‌ವರ್ಕ್ ಕಿರಿದು ಮಾಡುವುದು. 'ನಿಮಗೆ ಹೆಚ್ಚು ರೋಗಿಗಳನ್ನು ಕಳಿಸುತ್ತೇವೆ, ದರ ಇಳಿಸಿ' ಎಂದು ಕೆಲವೇ ಆಸ್ಪತ್ರೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಬಡವರ ಮೆಡಿಕೇಡ್ ಯೋಜನೆಯಲ್ಲಿ ಇಂಥ ಕಿರಿದಾದ ನೆಟ್‌ವರ್ಕ್ ನಡೆಸಿ ಪಳಗಿದ್ದ ಸೆಂಟೀನ್, ಮೊಲೀನಾದಂಥ ಕಂಪನಿಗಳು ಮಾರ್ಕೆಟ್‌ಪ್ಲೇಸ್‌ಗೆ ಬಂದು ಬೆಳೆದದ್ದು ಹೀಗೆಯೇ. ಈ ಎರಡು ಕಾರಣಗಳು ಇರುವವರೆಗೆ ಪಿಪಿಒಗಾಗಿ ಕಾಯುವುದರಲ್ಲಿ ಅರ್ಥವಿಲ್ಲ.

ಹೆಸರು ಹೇಳುವುದೆಷ್ಟು, ಹೇಳದಿರುವುದೆಷ್ಟು

ಎಚ್‌ಎಂಒ ಎಂದರೆ ನೆಟ್‌ವರ್ಕ್ ಹೊರಗೆ ಕವರೇಜ್ ಇಲ್ಲ, ಸಾಮಾನ್ಯವಾಗಿ ಒಬ್ಬ ಪ್ರೈಮರಿ ಡಾಕ್ಟರ್ ಇರಬೇಕು, ಸ್ಪೆಷಲಿಸ್ಟರ ಬಳಿ ಹೋಗಲು ಅವರ ರೆಫರಲ್ (ಶಿಫಾರಸು) ಬೇಕು. ಇಪಿಒದಲ್ಲೂ ಹೊರಗೆ ಕವರೇಜ್ ಇಲ್ಲ, ಆದರೆ ರೆಫರಲ್ ಸಾಮಾನ್ಯವಾಗಿ ಬೇಡ. ಪಿಒಎಸ್‌ನಲ್ಲಿ ರೆಫರಲ್ ಬೇಕು, ಹೊರಗೆ ಹೋದರೆ ಸ್ವಲ್ಪ ಭಾಗ ಕೊಡುತ್ತಾರೆ. ಈ ಹೆಸರುಗಳನ್ನು ಪಾಲಿಸಿಯೆಂದು ನಂಬಬೇಡಿ. ರೆಫರಲ್ ಕೇಳದ ಎಚ್‌ಎಂಒ ಇದೆ. ದೊಡ್ಡ ಆಸ್ಪತ್ರೆಗಳಿರುವ ಎಚ್‌ಎಂಒಗಿಂತ ಕಿರಿದಾದ ನೆಟ್‌ವರ್ಕಿನ ಇಪಿಒವೂ ಇದೆ. ಪ್ರತಿ ಪ್ಲಾನಿಗೂ 'ಸಮ್ಮರಿ ಆಫ್ ಬೆನಿಫಿಟ್ಸ್ ಅಂಡ್ ಕವರೇಜ್' ಎಂಬ ಒಂದೇ ನಮೂನೆಯ ದಾಖಲೆ ಇರುತ್ತದೆ. ಅದರ ಮೊದಲ ಪುಟದಲ್ಲೇ ಸ್ಪೆಷಲಿಸ್ಟರಿಗೆ ರೆಫರಲ್ ಬೇಕೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಬರೆದಿರುತ್ತದೆ. ಅದನ್ನು ಓದಿ.

'ಊರು ಬಿಟ್ಟು ಹೋದಾಗ ಏನಾದರೂ ಆದರೆ' ಎಂಬ ಹೆದರಿಕೆ ಅರ್ಧ ನಿಜ. ತುರ್ತು ಚಿಕಿತ್ಸೆಗೆ ಎಚ್‌ಎಂಒ ಇರಲಿ, ಇಪಿಒ ಇರಲಿ, ಅಮೆರಿಕದ ಯಾವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೂ ನೆಟ್‌ವರ್ಕಿನ ದರದಲ್ಲೇ ನಿಮ್ಮ ಪಾಲು ಲೆಕ್ಕ ಹಾಕಬೇಕು. ಮುಂಚೆ ಅನುಮತಿ ಕೇಳಬೇಕಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನೋ ಸರ್ಪ್ರೈಸಸ್ ಆಕ್ಟ್ ಪ್ರಕಾರ ಆ ಆಸ್ಪತ್ರೆ ಉಳಿದ ಮೊತ್ತಕ್ಕೆಂದು ನಿಮಗೆ ಬೇರೆ ಬಿಲ್ ಕಳಿಸುವಂತಿಲ್ಲ. ನೆಟ್‌ವರ್ಕಿನ ಆಸ್ಪತ್ರೆಯಲ್ಲಿ ಸರ್ಜರಿ ಆಗಿ, ಅರಿವಳಿಕೆ ಕೊಟ್ಟವರು ಮಾತ್ರ ನೆಟ್‌ವರ್ಕಿನವರಲ್ಲದಿದ್ದರೂ ಇದೇ ರಕ್ಷಣೆ. ಆದರೆ ರಸ್ತೆಯ ಆಂಬುಲೆನ್ಸ್ ಈ ಕೇಂದ್ರ ಕಾನೂನಿನೊಳಗೆ ಬರುವುದಿಲ್ಲ, ವಿಮಾನ ಆಂಬುಲೆನ್ಸ್ ಬರುತ್ತದೆ. ಇನ್ನೊಂದು ಸಂದು ನಿಮ್ಮ ಪತ್ನಿಗೆ ಮುಖ್ಯ: ಡಾಕ್ಟರ್ ನೆಟ್‌ವರ್ಕಿನವರೇ, ಆದರೆ ಕ್ಲಿನಿಕ್‌ನಲ್ಲಿ ತೆಗೆದ ರಕ್ತವನ್ನು ನೆಟ್‌ವರ್ಕಿಲ್ಲದ ಹೊರಗಿನ ಲ್ಯಾಬಿಗೆ ಕಳಿಸಿದರೆ ಆ ಬಿಲ್ ನಿಮ್ಮ ಮೇಲೆ ಬೀಳಬಹುದು. ಅಡಾಲಿಮುಮ್ಯಾಬ್ ತೆಗೆದುಕೊಳ್ಳುವವರಿಗೆ ರಕ್ತಪರೀಕ್ಷೆ ಪದೇ ಪದೇ ಆಗುತ್ತದೆ. ಯಾವ ಲ್ಯಾಬ್ ನೆಟ್‌ವರ್ಕಿನಲ್ಲಿದೆ ಎಂದು ನೋಡಿಕೊಂಡು, ಪ್ರತಿ ಸಲ ಅಲ್ಲಿಗೇ ಕಳಿಸಿ ಎಂದು ಹೇಳಿ.

ಹೆದರಿಕೆಯ ನಿಜವಾದ ಅರ್ಧ ಇದು: ತುರ್ತು ಅಲ್ಲದ್ದಕ್ಕೆ ನೆಟ್‌ವರ್ಕ್ ಹೊರಗೆ ಹೋದರೆ ಎಚ್‌ಎಂಒ, ಇಪಿಒ ಏನೂ ಕೊಡುವುದಿಲ್ಲ. ಅಷ್ಟೇ ಅಲ್ಲ, ನೀವು ಹಾಗೆ ಖರ್ಚು ಮಾಡಿದ್ದು ವರ್ಷದ ಔಟ್ ಆಫ್ ಪಾಕೆಟ್ ಮಿತಿಗೂ ಸೇರುವುದಿಲ್ಲ. 2026ಕ್ಕೆ ಆ ಮಿತಿ ಒಬ್ಬರಿಗೆ ಹೆಚ್ಚೆಂದರೆ 10,600 ಡಾಲರ್, ಕುಟುಂಬಕ್ಕೆ 21,200 ಡಾಲರ್. ಈ ಸಂಖ್ಯೆ ನೆಟ್‌ವರ್ಕ್ ಒಳಗಿನ ಖರ್ಚಿಗೆ ಮಾತ್ರ.

ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ

ನಿಮ್ಮ ವಿಷಯದಲ್ಲಿ ಎರಡು ಬೇರೆ ಬೇರೆ ನಿರ್ಧಾರಗಳಿವೆ: ಈ ವರ್ಷ ಉಳಿದ ನಾಲ್ಕು ತಿಂಗಳು, ಮತ್ತು ಜನವರಿಯಿಂದ ಮುಂದೆ. ಇವೆರಡನ್ನು ಒಂದೇ ಗಂಟು ಮಾಡಿಕೊಂಡವರು ದುಡ್ಡು ಕಳೆದುಕೊಳ್ಳುತ್ತಾರೆ.

ನಿಮ್ಮ ಪತ್ನಿಯ ಔಟ್ ಆಫ್ ಪಾಕೆಟ್ ಮುಗಿದಿದೆ, ಎಂದರೆ ಡಿಸೆಂಬರ್ 31ರವರೆಗೆ ಆ ಪ್ಲಾನಿನ ನೆಟ್‌ವರ್ಕಿನಲ್ಲಿ ಅವರ ಔಷಧಿಗೆ, ಡಾಕ್ಟರಿಗೆ ನೀವು ಮತ್ತೆ ಕಟ್ಟಬೇಕಿಲ್ಲ. ಸೆಪ್ಟೆಂಬರ್‌ನಲ್ಲಿ ಹೊಸ ಪ್ಲಾನಿಗೆ ಹೋದರೆ ಲೆಕ್ಕ ಸೊನ್ನೆಯಿಂದ ಶುರು, ಜನವರಿಯಲ್ಲಿ ಮತ್ತೆ ಸೊನ್ನೆ. ಕೋಬ್ರಾದಲ್ಲಿ ಹಳೆಯ ಲೆಕ್ಕ ಹಾಗೇ ಮುಂದುವರಿಯುತ್ತದೆ. ಹಲವರಿಗೆ ತಿಳಿಯದ ಸಂಗತಿ ಎಂದರೆ ಕೋಬ್ರಾವನ್ನು ಇಡೀ ಕುಟುಂಬ ಒಟ್ಟಿಗೆ ತೆಗೆದುಕೊಳ್ಳಬೇಕೆಂದಿಲ್ಲ. ಪ್ರತಿಯೊಬ್ಬರಿಗೂ ಪ್ರತ್ಯೇಕ ಹಕ್ಕಿದೆ. ಪತ್ನಿ ಒಬ್ಬರಿಗೆ ಮಾತ್ರ ಕೋಬ್ರಾ ತೆಗೆದುಕೊಳ್ಳಬಹುದು. ಒಬ್ಬರ ದರ ಎಷ್ಟೆಂದು ಬರವಣಿಗೆಯಲ್ಲಿ ಕೇಳಿ. ಸಾಮಾನ್ಯವಾಗಿ ಅದು ಕುಟುಂಬದ ದರದ ಮೂರನೇ ಒಂದು ಭಾಗದ ಆಸುಪಾಸು ಇರುತ್ತದೆ. ನಾಲ್ಕು ತಿಂಗಳಿಗೆ ಇದನ್ನೇ ಮಾಡಿ ಎಂಬುದು ನನ್ನ ಸಲಹೆ.

ನಿಮಗೂ ಮಗನಿಗೂ ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದು ಬ್ರಾಂಜ್ ಪ್ಲಾನ್ ಸಾಕು. ಕೆಲಸ ನೀವಾಗಿಯೇ ಬಿಟ್ಟಿದ್ದರೂ ವಿಮೆ ಹೋದದ್ದಕ್ಕೆ ವಿಶೇಷ ನೋಂದಣಿ ಅವಕಾಶ ಇದೆ: ಆಗಸ್ಟ್ 31ರ ಹಿಂದಿನ 60 ದಿನ ಮತ್ತು ಮುಂದಿನ 60 ದಿನ. ಆಗಸ್ಟ್‌ನಲ್ಲೇ ಪ್ಲಾನ್ ಆರಿಸಿದರೆ ಸೆಪ್ಟೆಂಬರ್ 1ರಿಂದ ಕವರೇಜ್. ಸೆಪ್ಟೆಂಬರ್‌ನಲ್ಲಿ ಆರಿಸಿದರೆ ಅಕ್ಟೋಬರ್ 1ರಿಂದ, ನಡುವೆ ಒಂದು ತಿಂಗಳು ಖಾಲಿ. ಕೋಬ್ರಾಗೂ 60 ದಿನ ಸಮಯವಿದೆ, ತೆಗೆದುಕೊಂಡರೆ ಹಿಂದಿನ ದಿನಾಂಕದಿಂದಲೇ ಅನ್ವಯ. 'ಕಾದು ನೋಡೋಣ, ಬಿದ್ದು ಪೆಟ್ಟಾದರೆ ಕೋಬ್ರಾ ತೆಗೆದುಕೊಳ್ಳೋಣ' ಎಂದು ಕೆಲವರು ಕಾಯುತ್ತಾರೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಎರಡೂ ಬಾಗಿಲು ಹೆಚ್ಚುಕಡಿಮೆ ಒಟ್ಟಿಗೇ ಮುಚ್ಚುತ್ತವೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಆಮೇಲೆ ಜನವರಿಯವರೆಗೆ ವಿಮೆಯೇ ಇಲ್ಲ. ಹಾಗೆ ಮಾಡಬೇಡಿ.

ಈ ವರ್ಷ ಸಬ್ಸಿಡಿಯನ್ನು ಮುಂಗಡವಾಗಿ ತೆಗೆದುಕೊಳ್ಳುವ ಮುನ್ನ ಲೆಕ್ಕ ಹಾಕಿ. 2021ರಿಂದ ಇದ್ದ ಹೆಚ್ಚುವರಿ ನೆರವಿನ ಅವಧಿ 2025ರ ಕೊನೆಗೆ ಮುಗಿದಿದೆ, ಬಡತನ ರೇಖೆಯ 400 ಪ್ರತಿಶತದ ಗಡಿ ಮರಳಿ ಬಂದಿದೆ. ನಾಲ್ಕು ಜನರ ಕುಟುಂಬಕ್ಕೆ 2026ರಲ್ಲಿ ಆ ಗಡಿ 1,28,600 ಡಾಲರ್. ಜನವರಿಯಿಂದ ಆಗಸ್ಟ್‌ವರೆಗಿನ ಸಂಬಳ, ಕಂಪನಿ ಕೊಟ್ಟ ಕೊನೆಯ ಬಾಬ್ತು, ನಿಮ್ಮ ಹೊಸ ಸಂಪಾದನೆ ಎಲ್ಲವೂ ಇದರಲ್ಲಿ ಸೇರುತ್ತವೆ. 'ಈಗ ಸಂಬಳ ಇಲ್ಲವಲ್ಲ' ಎಂದು ಈ ತಿಂಗಳ ಆದಾಯವನ್ನಷ್ಟೇ ಬರೆಯುವವರಿದ್ದಾರೆ. 2026ರ ತೆರಿಗೆ ವರ್ಷದಿಂದ, ಅರ್ಹತೆಗಿಂತ ಹೆಚ್ಚು ಪಡೆದ ಮುಂಗಡವನ್ನೆಲ್ಲ ವಾಪಸ್ ಕಟ್ಟಬೇಕು. ಮೊದಲಿದ್ದಂತೆ ಅದಕ್ಕೆ ಮೇಲ್ಮಿತಿ ಇಲ್ಲ. ಗಡಿಯ ಹತ್ತಿರ ಇದ್ದೀರೆಂದು ಕಂಡರೆ ಪೂರ್ತಿ ಪ್ರೀಮಿಯಂ ಕಟ್ಟಿ, ಅರ್ಹತೆ ಇದ್ದರೆ ರಿಟರ್ನ್ ಸಲ್ಲಿಸುವಾಗ ಪಡೆಯಿರಿ. ಮುಂದಿನ ವರ್ಷ ಕನ್ಸಲ್ಟಿಂಗ್ ಲಾಭದಿಂದ ಸೋಲೋ 401ಕೆಗೆ (ಸ್ವಂತ ಉದ್ಯೋಗದವರ ನಿವೃತ್ತಿ ಖಾತೆಗೆ) ಹಾಕುವ ಹಣ ಆದಾಯವನ್ನು ಗಡಿಯ ಕೆಳಗೆ ತರಬಲ್ಲದು. ಆ ಲೆಕ್ಕವನ್ನು ನಿಮ್ಮ ಸಿಪಿಎ (ತೆರಿಗೆ ಲೆಕ್ಕ ನೋಡುವವರು) ಜೊತೆ ನವೆಂಬರ್‌ಗೆ ಮೊದಲೇ ಕೂತು ಮಾಡಿ.

ಇದನ್ನು ಓದುತ್ತಿರುವ ಎಚ್-1ಬಿ ಕುಟುಂಬಗಳಿಗೆ ಒಂದು ಮಾತು: 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2027ರ ಜನವರಿಯಿಂದ ನಿಮಗೆ ಈ ಸಬ್ಸಿಡಿ ಸಿಗುವುದಿಲ್ಲ. ಪೂರ್ತಿ ಬೆಲೆ ಕೊಟ್ಟು ಕೊಳ್ಳಬಹುದು. ಗ್ರೀನ್ ಕಾರ್ಡ್ ಇರುವವರ ಅರ್ಹತೆ ಉಳಿಯುತ್ತದೆ.

ಜನವರಿಯ ಪ್ಲಾನ್ ಆರಿಸುವಾಗ

ಟೆಕ್ಸಸ್‌ನಲ್ಲಿ ಮುಂದಿನ ವರ್ಷದ ನೋಂದಣಿ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ. ಜನವರಿ 15ರವರೆಗೆ ಇದ್ದ ಹಳೆಯ ಗಡುವನ್ನು ನೆಚ್ಚಿಕೊಳ್ಳಬೇಡಿ. ಕೋಬ್ರಾದಲ್ಲಿರುವ ನಿಮ್ಮ ಪತ್ನಿ ಮಾರ್ಕೆಟ್‌ಪ್ಲೇಸ್‌ಗೆ ಬರಲು ಇದೇ ಸರಿಯಾದ ಸಮಯ. ಬೇರೆ ತಿಂಗಳಲ್ಲಿ ಕೋಬ್ರಾವನ್ನು ಸುಮ್ಮನೆ ನಿಲ್ಲಿಸಿದರೆ ವಿಶೇಷ ಅವಕಾಶ ಸಿಗುವುದಿಲ್ಲ.

ಹುಡುಕಾಟವನ್ನು ಡಾಕ್ಟರಿಂದ ಶುರುಮಾಡಿ, ಪ್ಲಾನಿನಿಂದಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿ 'ನಮ್ಮ ಇನ್ಶೂರೆನ್ಸ್ ತಗೋತೀರಾ' ಎಂದು ಕೇಳಿದರೆ ಸ್ವಾಗತದ ಮೇಜಿನವರು ಹೌದು ಅನ್ನುತ್ತಾರೆ. 'ತಗೋತೀವಿ' ಎಂದರೆ ಆ ಕಂಪನಿಗೆ ಬಿಲ್ ಕಳಿಸುತ್ತೇವೆ ಎಂದಷ್ಟೇ ಅರ್ಥವಿರಬಹುದು. ಬಿಲ್ಲಿಂಗ್ ವಿಭಾಗವನ್ನೇ ಕೇಳಿ, ಪ್ರಶ್ನೆ ಹೀಗಿರಲಿ: ಜನವರಿಯಿಂದ ಈ ವಿಳಾಸದಲ್ಲಿ, ಈ ಹೆಸರಿನ ನೆಟ್‌ವರ್ಕಿನಲ್ಲಿ ಡಾಕ್ಟರ್ ಒಪ್ಪಂದದಲ್ಲಿದ್ದಾರೆಯೇ? ನೆಟ್‌ವರ್ಕಿನ ಪೂರ್ತಿ ಹೆಸರು ಬೇಕೇ ಬೇಕು, ಏಕೆಂದರೆ ಒಂದೇ ವಿಮಾ ಕಂಪನಿ ಒಂದೇ ಊರಿನಲ್ಲಿ ಎರಡು ಮೂರು ನೆಟ್‌ವರ್ಕ್ ಇಟ್ಟಿರುತ್ತದೆ. ಡಾಕ್ಟರ್ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ದಿನನಿತ್ಯದ ಮಾತು. ಡಾಕ್ಟರ 10 ಅಂಕಿಯ ಎನ್‌ಪಿಐ ಗುರುತಿನ ಸಂಖ್ಯೆ ಪಡೆದು ವಿಮಾ ಕಂಪನಿಯ ಪಟ್ಟಿಯಲ್ಲೂ ತಾಳೆ ನೋಡಿ. ಪರದೆಯ ಚಿತ್ರವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಇದು ಸುಮ್ಮನೆ ಹೇಳುವ ಜಾಗರೂಕತೆಯಲ್ಲ. ಕಂಪನಿ ತನ್ನ ಪಟ್ಟಿಯನ್ನು 90 ದಿನಕ್ಕೊಮ್ಮೆ ಪರಿಶೀಲಿಸಬೇಕೆಂದು ನೋ ಸರ್ಪ್ರೈಸಸ್ ಆಕ್ಟ್ ಹೇಳುತ್ತದೆ, ತಪ್ಪು ಪಟ್ಟಿ ನಂಬಿ ನೀವು ಹೋಗಿದ್ದರೆ ನೆಟ್‌ವರ್ಕಿನ ದರದ ಪಾಲನ್ನಷ್ಟೇ ನಿಮ್ಮಿಂದ ಪಡೆಯಬೇಕು. ತೋರಿಸಲು ಪುರಾವೆ ಇದ್ದರೆ ಈ ಹಕ್ಕು ಕೆಲಸಕ್ಕೆ ಬರುತ್ತದೆ.

ಡಾಕ್ಟರ್ ಸಿಕ್ಕ ಮೇಲೆ ಔಷಧಿ. ಅಡಾಲಿಮುಮ್ಯಾಬ್ ಎಂಬ ಒಂದು ಹೆಸರು ನೋಡಿ ಸಮಾಧಾನಪಡಬೇಡಿ. ಮೂಲ ಬ್ರಾಂಡ್ ಹುಮಿರಾ, 2023ರಿಂದ ಮಾರುಕಟ್ಟೆಗೆ ಬಂದ ಬಯೋಸಿಮಿಲರ್‌ಗಳು (ಬೇರೆ ಕಂಪನಿಗಳ ಅದೇ ಬಗೆಯ ಔಷಧಿಗಳು) ಹಲವು. ಪ್ಲಾನ್ ಇವುಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಕೊಡಬಹುದು. ಈಗ ಬಳಸುವುದು ಪ್ಲಾನಿನ ಔಷಧಿ ಪಟ್ಟಿಯಲ್ಲಿ ಇಲ್ಲದಿದ್ದರೆ ಬದಲಾಯಿಸಬಹುದೇ ಎಂದು ಡಾಕ್ಟರನ್ನು ಈಗಲೇ ಕೇಳಿ. ಹಳೆಯ ವಿಮೆಯ ಪೂರ್ವಾನುಮತಿ ಹೊಸ ವಿಮೆಗೆ ನಡೆಯುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ರೀಫಿಲ್ ಪಡೆದು, ಜನವರಿಯ ಮೊದಲ ಕೆಲಸದ ದಿನವೇ ಹೊಸ ಅರ್ಜಿ ಹಾಕಿಸಿ. ಪಟ್ಟಿಯಲ್ಲಿಲ್ಲದ ಔಷಧಿಗೆ ವಿನಾಯಿತಿ ಕೇಳಿದರೆ ಕಂಪನಿ 72 ಗಂಟೆಯಲ್ಲಿ, ತುರ್ತಿದ್ದರೆ 24 ಗಂಟೆಯಲ್ಲಿ ಉತ್ತರ ಕೊಡಬೇಕು. ಔಷಧ ತಯಾರಕರ ಕೋಪೇ ಕಾರ್ಡ್ (ನೀವು ಕಟ್ಟಬೇಕಾದ ಪಾಲಿಗೆ ಅವರು ಕೊಡುವ ನೆರವು) ಬಳಸುವುದಾದರೆ, ಆ ಹಣ ನಿಮ್ಮ ಔಟ್ ಆಫ್ ಪಾಕೆಟ್ ಲೆಕ್ಕಕ್ಕೆ ಸೇರುತ್ತದೆಯೇ ಎಂದೂ ಕೇಳಿ.

ಇನ್ನು ಬೆಲೆ. ಈ ಔಷಧಿಯಿರುವ ವರ್ಷ ನಿಮ್ಮ ಪತ್ನಿ ಔಟ್ ಆಫ್ ಪಾಕೆಟ್ ಮಿತಿ ಮುಟ್ಟುವುದು ಬಹುತೇಕ ಖಚಿತ. ಹಾಗಾಗಿ ಅವರಿಗೆ ಡಿಡಕ್ಟಿಬಲ್, ಕೋಪೇಗಳನ್ನು ಹೋಲಿಸುತ್ತ ಕೂರಬೇಡಿ. ಹನ್ನೆರಡು ತಿಂಗಳ ಪ್ರೀಮಿಯಂ, ಅದಕ್ಕೆ ಆ ಪ್ಲಾನಿನ ಔಟ್ ಆಫ್ ಪಾಕೆಟ್ ಮಿತಿ ಕೂಡಿಸಿ. ಬಂದ ಮೊತ್ತವೇ ಆ ಪ್ಲಾನಿನ ನಿಜವಾದ ಬೆಲೆ. ಟೆಕ್ಸಸ್‌ನಲ್ಲಿ ಗೋಲ್ಡ್ ಪ್ಲಾನ್ ಸಿಲ್ವರ್‌ಗಿಂತ ಅಗ್ಗವಾಗಿರುವುದು ಸಾಮಾನ್ಯ. ಕಡಿಮೆ ಆದಾಯದವರ ಕೋಪೇ ರಿಯಾಯಿತಿಗೆ ಕೊಡುತ್ತಿದ್ದ ಹಣವನ್ನು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ವಿಮಾ ಕಂಪನಿಗಳ ಮೇಲೆ ಬಿದ್ದ ಆ ಹೊರೆಯನ್ನು ಸಿಲ್ವರ್ ಬೆಲೆಯಲ್ಲೇ ಸರಿಯಾಗಿ ತೋರಿಸಬೇಕೆಂದು ಟೆಕ್ಸಸ್ 2021ರಲ್ಲಿ ಕಾನೂನು ಮಾಡಿತು, 2023ರ ಪ್ಲಾನ್‌ಗಳಿಂದ ಅದು ಜಾರಿಗೆ ಬಂತು. ಬಡತನ ರೇಖೆಯ 250 ಪ್ರತಿಶತಕ್ಕಿಂತ ಹೆಚ್ಚು ಆದಾಯದವರಿಗೆ ಆ ರಿಯಾಯಿತಿ ಸಿಗುವುದಿಲ್ಲ, ಏರಿದ ಬೆಲೆಯನ್ನು ಮಾತ್ರ ಕಟ್ಟಬೇಕಾಗುತ್ತದೆ. ನೀವು ಸಿಲ್ವರ್ ಬಿಟ್ಟುಬಿಡಿ, ಗೋಲ್ಡ್ ಮತ್ತು ಬ್ರಾಂಜ್ ಎರಡನ್ನೇ ತೂಗಿ. ಕುಟುಂಬ ಒಂದೇ ಪ್ಲಾನಿನಲ್ಲಿ ಇರಬೇಕೆಂಬ ನಿಯಮವೂ ಇಲ್ಲ. ಪತ್ನಿಗೆ ಅವರ ಡಾಕ್ಟರ್ ಇರುವ ಇಪಿಒ ಅಥವಾ ಎಚ್‌ಎಂಒ ಗೋಲ್ಡ್, ನಿಮಗೂ ಮಗನಿಗೂ ಬ್ರಾಂಜ್ ಆಗಬಹುದು. 2026ರಿಂದ ಮಾರ್ಕೆಟ್‌ಪ್ಲೇಸ್‌ನ ಎಲ್ಲ ಬ್ರಾಂಜ್ ಪ್ಲಾನ್‌ಗಳಿಗೂ ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ತೆರಿಗೆಯಿಲ್ಲದೆ ಉಳಿಸುವ) ಖಾತೆ ತೆರೆಯಲು ಅವಕಾಶವಿದೆ. ಹೀಗೆ ಬೇರೆಯಾದರೆ ಕುಟುಂಬದ ಒಟ್ಟು ಮಿತಿ ಎರಡಾಗುತ್ತದೆ ಎಂಬುದು ಇದರ ಅಪಾಯ. ಒಂದೇ ವರ್ಷ ಇಬ್ಬರು ಆಸ್ಪತ್ರೆ ಸೇರಿದರೆ ಹೊರೆ ಹೆಚ್ಚು.

ಮಗಳಿಗೆ ಟೆಕ್ಸಸ್‌ನ ಎಚ್‌ಎಂಒ ಹಾಕಿ ಇಲಿನಾಯ್‌ಗೆ ಕಳಿಸುವುದು ಬೇಡ. ಎಮರ್ಜೆನ್ಸಿ ಬಿಟ್ಟು ಬೇರೇನೂ ಸಿಗುವುದಿಲ್ಲ: ಜ್ವರಕ್ಕಿಲ್ಲ, ಫಿಸಿಯೋಥೆರಪಿಗಿಲ್ಲ, ಕೌನ್ಸೆಲಿಂಗ್‌ಗಿಲ್ಲ. ಕಾಲೇಜಿನ ವಿದ್ಯಾರ್ಥಿ ವಿಮೆಯೇ ಹೆಚ್ಚಿನ ಸಲ ಸರಿಯಾದ ದಾರಿ. ಅದು ಬೇಡವೆಂದು ಬರೆದುಕೊಡುವ ಗಡುವು ಸಾಮಾನ್ಯವಾಗಿ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಇರುತ್ತದೆ. ಅಪ್ಪನ ಕಂಪನಿ ವಿಮೆ ಇದೆಯೆಂದು ಅವಳು ಈಗಾಗಲೇ ಬೇಡವೆಂದು ಬರೆದುಕೊಟ್ಟಿದ್ದರೆ, ವಿಮೆ ಹೋಗುತ್ತಿರುವ ಕಾರಣ ತಿಳಿಸಿ ಇದೇ ವಾರ ಮರುಸೇರಿಸಲು ಕೇಳಲಿ. ಇಲ್ಲವಾದರೆ ಇಲಿನಾಯ್‌ನ ರಾಜ್ಯ ಮಾರ್ಕೆಟ್‌ಪ್ಲೇಸ್‌ನಲ್ಲಿ ಅವಳಿಗೊಂದು ಪ್ಲಾನ್.

ಪಿಪಿಒ ಬೇಕೇ ಬೇಕೆಂದರೆ ನಿಜವಾದ ದಾರಿಗಳು ಮೂರು. ಕೋಬ್ರಾ 18 ತಿಂಗಳವರೆಗೆ ನಡೆಯುತ್ತದೆ, ಬೆಲೆ ಕೊಡಬಲ್ಲಿರಾದರೆ. ಪತ್ನಿಗೆ ವಿಮೆ ಕೊಡುವ ಕೆಲಸ ಸಿಕ್ಕರೆ ಎರಡನೆಯದು. ಮೂರನೆಯದು ನಿಮ್ಮ ಹೊಸ ಕಂಪನಿಯ ಹೆಸರಿನಲ್ಲೇ ಸಣ್ಣ ಗ್ರೂಪ್ ವಿಮೆ, ಅಲ್ಲಿ ಪಿಪಿಒ ಸಿಗುತ್ತದೆ. ಆದರೆ ಪತಿ ಪತ್ನಿ ಇಬ್ಬರೇ ಇರುವ ಸಂಸ್ಥೆ ಗ್ರೂಪ್ ಎನಿಸುವುದಿಲ್ಲ, ಸಂಬಳದ ಮೇಲೆ ಕನಿಷ್ಠ ಒಬ್ಬ ಹೊರಗಿನ ಉದ್ಯೋಗಿ ನಿಜವಾಗಿ ಇರಬೇಕು. ಹೆಸರಿಗೆ ಯಾರನ್ನೋ ತೋರಿಸಿ ಪಾಲಿಸಿ ಮಾಡಿಸಿಕೊಂಡರೆ, ದೊಡ್ಡ ಕ್ಲೇಮ್ ಬಂದ ದಿನ ಕಂಪನಿ ಪೇರೋಲ್ ದಾಖಲೆ ಕೇಳುತ್ತದೆ.

ರಜೆಗೆ ಊರಿಗೆ ಹೋಗುವುದಿದ್ದರೆ ಭಾರತದಲ್ಲಿ ಈ ಎಚ್‌ಎಂಒ, ಇಪಿಒಗಳನ್ನು ನಂಬಿಕೊಳ್ಳಬೇಡಿ, ಪ್ರಯಾಣ ವಿಮೆ ಮಾಡಿಸಿ. ಇಂಜೆಕ್ಷನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕಾದ್ದರಿಂದ ಚೆಕ್ ಇನ್ ಬ್ಯಾಗಿನಲ್ಲಿ ಹಾಕದೆ ಡಾಕ್ಟರ ಪತ್ರದೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಲಿ.

ಪ್ಲಾನ್ ಆರಿಸಿ 'ಸಬ್ಮಿಟ್' ಒತ್ತಿದ ಮಾತ್ರಕ್ಕೆ ಕವರೇಜ್ ಶುರುವಾಗುವುದಿಲ್ಲ. ಮೊದಲ ತಿಂಗಳ ಪ್ರೀಮಿಯಂ ವಿಮಾ ಕಂಪನಿಗೆ ಗಡುವಿನೊಳಗೆ ತಲುಪಬೇಕು. ಹಳೆಯ ಬ್ಯಾಂಕ್ ಕಾರ್ಡ್ ಬದಲಾಗಿ ಆಟೋಪೇ ಕೆಟ್ಟು, ಜನವರಿಯಲ್ಲಿ ಔಷಧದಂಗಡಿಯ ಕೌಂಟರಿನಲ್ಲಿ ವಿಷಯ ತಿಳಿಯುವುದುಂಟು. ಡಿಸೆಂಬರ್ 20ರ ಹೊತ್ತಿಗೆ ಹಣ ಕಡಿತವಾಗಿದೆಯೇ, ಪತ್ನಿಯ ಸದಸ್ಯ ಸಂಖ್ಯೆ ಬಂದಿದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಆ ಸಂಖ್ಯೆ ಕೈಗೆ ಬಂದ ದಿನವೇ ಡಾಕ್ಟರ ಕಚೇರಿಗೆ ಕೊಡಿ, ಪೂರ್ವಾನುಮತಿಯ ಅರ್ಜಿಗೆ ಅವರಿಗೆ ಬೇಕಾಗುವುದು ಅದೇ.